ಕರೆಂಟಿನ ಕಾರು, ಅತ್ತೆಯ ಚಳಿ

ಫ್ಯಾನಿನಡಿ ಕುಳಿತರೂ ಬೆವರು ಒರೆಸಿಕೊಳ್ಳುವ ಭಟ್ಕಳದಲ್ಲಿ ಕಾರಿಗೆ ಹೀಟರ್ ಯಾಕೆ ಎಂದು ನಾನೇ ನಕ್ಕಿದ್ದೆ. ಈ ಸೆಕೆಂಡ್ ಹ್ಯಾಂಡ್ ಕರೆಂಟಿನ ಕಾರು ಕೊಳ್ಳುವಾಗ ಮಾರುವವನು ಪಾಪ, ಬಿಡಿಸಿ ಹೇಳಿದ್ದ. ದುಬಾರಿ ಕಾರುಗಳಲ್ಲಿ ಹೀಟ್ ಪಂಪ್ ಇರುತ್ತದೆ, ಹೊರಗಿನ ಗಾಳಿಯ ಬಿಸಿಯನ್ನೇ ಎಳೆದು ಒಳಗೆ ತರುತ್ತದೆ, ಚಾರ್ಜ್ ಅಷ್ಟಾಗಿ ತಿನ್ನುವುದಿಲ್ಲ. ಇದರಲ್ಲಿ ಇರುವುದು ನೀರು ಕಾಯಿಸುವ ಕಾಯಿಲಿನಂಥದ್ದು, ಹಾಕಿದರೆ ಬ್ಯಾಟರಿ ಇಳಿಯುತ್ತದೆ ಎಂದ.

"ಹೀಟರ್ ನಮಗೆಂತಕ್ಕೆ?" ಎಂದು ನನ್ನ ಗಂಡ ಮಾತು ಮುಗಿಸಿದರು. ಬೋಟಿಗೆ ಸುರಿಯುವ ಡೀಸೆಲ್ಲಿನಲ್ಲೇ ಅವರಿಗೆ ಸಾಕುಸಾಕಾಗಿತ್ತು.

ಕಾರು ಬಂದದ್ದು ಅತ್ತೆಗಾಗಿ. ಕಿಡ್ನಿ ಕೈಕೊಟ್ಟ ಮೇಲೆ ಅವರನ್ನು ಡಯಾಲಿಸಿಸ್‌ಗೆ ಕುಮಟಾಕ್ಕೆ ಕರೆದೊಯ್ಯಬೇಕಿತ್ತು. ಗಂಡ ಕಡಲಿಗೆ ಹೋದರೆ ದಿನಗಟ್ಟಲೆ ಬರುವುದಿಲ್ಲ, ಓಡಿಸುವವಳು ನಾನೇ. ಐಸು ಹಾಕಿದ ಮೀನಿನ ಬುಟ್ಟಿ ತಲೆ ಮೇಲಿಟ್ಟು ಮನೆಮನೆ ತಿರುಗಿದ ಹೆಂಗಸು ಅತ್ತೆ. ತಣ್ಣನೆ ನೀರು ಕುತ್ತಿಗೆಗೆ ಇಳಿದರೂ ಲೆಕ್ಕಿಸಿದವರಲ್ಲ. ಡಯಾಲಿಸಿಸ್ ಮುಗಿಸಿ ಕಾರು ಹತ್ತಿದರೆ ಮಾತ್ರ ಹಲ್ಲು ಕಟಕಟ ಎನ್ನುತ್ತಿತ್ತು.

ಮಳೆಗಾಲದಲ್ಲಿ ನಮ್ಮ ಫಜೀತಿ ಯಾರಿಗೂ ಬೇಡ. ಗ್ಲಾಸು ಏರಿಸಿದರೆ ಇಬ್ಬರ ಉಸಿರಿಗೆ ಮುಂದಿನ ಗಾಜು ಮಂಜಾಗಿ ದಾರಿ ಕಾಣದು. ಎಸಿ ಹಾಕಿದರೆ ಅತ್ತೆ ನಡುಗುತ್ತಾರೆ. ಎಸಿ, ಹೀಟರ್ ಎರಡನ್ನೂ ಒಟ್ಟಿಗೆ ಹಾಕಿದರೆ ಗಾಜೂ ತಿಳಿ, ಅತ್ತೆಯೂ ಬೆಚ್ಚಗೆ. ಆದರೆ ವಾಪಸು ಬರುವಾಗ ಅರ್ಧ ದಾರಿಯ ಹೊನ್ನಾವರಕ್ಕೇ ಚಾರ್ಜ್ ತಳ ಕಾಣುತ್ತಿತ್ತು. ಅಲ್ಲಿ ಹೋಟೆಲಿನ ಅಂಗಳದಲ್ಲಿ ಚಾರ್ಜಿಗೆ ಹಾಕಿ ಕಾಯಬೇಕು. ಸುಸ್ತಾಗಿ ಕುತ್ತಿಗೆ ನಿಲ್ಲದವರನ್ನು ಹಾಗೆ ಕೂರಿಸಿಕೊಳ್ಳಲು ನನಗೆ ಸಂಕಟವಾಗುತ್ತಿತ್ತು.

ಅದು ಅತ್ತೆಗೂ ಗೊತ್ತು. ನನ್ನ ಕಣ್ಣು ರಸ್ತೆ ಮೇಲಿರುವಾಗ ಮೆಲ್ಲಗೆ ಕೈ ಚಾಚಿ ಹೀಟರ್ ಆರಿಸಿಬಿಡುತ್ತಿದ್ದರು.

"ಎಂತ ಮಾಡ್ತೀರಿ ಅತ್ತೆ?"

"ಸಾಕಾತು ಮಾರಾಯ್ತಿ, ಸೆಕೆ ಆಗ್ತದೆ." ಹೇಳುವಾಗಲೇ ತುಟಿ ನಡುಗುತ್ತಿತ್ತು.

ನಾನು ಹಾಕುವುದು, ಅವರು ಆರಿಸುವುದು. ಇಂಥ ಹಟಮಾರಿಯನ್ನು ನೋಡಿಲ್ಲ ಎಂದು ಬೈದರೆ, "ಕನ್ನಡಿ ನೋಡ್ಕೊ" ಎಂದು ನಗುತ್ತಿದ್ದರು. ಮನೆಯಲ್ಲಿ ನನ್ನೊಡನೆ ಜಗಳವಾಡಲು ಇದ್ದವರು ಅವರೊಬ್ಬರೇ.

ಹೋದ ವರ್ಷ ಚೌತಿಗೆ ಮುಂಚೆ ಅತ್ತೆ ತೀರಿಕೊಂಡರು.

ಈ ಮಳೆಗಾಲದಲ್ಲಿ ಕುಮಟಾದ ನೆಂಟರ ಮನೆಯಲ್ಲಿ ತೊಟ್ಟಿಲು ಶಾಸ್ತ್ರ ಮುಗಿಸಿ ಒಬ್ಬಳೇ ಹೊರಟೆ. ಜೋರು ಮಳೆ. ಗ್ಲಾಸು ಏರಿಸಿದೆ. ಒಬ್ಬಳ ಉಸಿರಿಗೆ ಗಾಜು ಹೇಳಿಕೊಳ್ಳುವಷ್ಟು ಮಂಜಾಗಲೇ ಇಲ್ಲ, ಆಗೊಮ್ಮೆ ಈಗೊಮ್ಮೆ ಬಟ್ಟೆಯಲ್ಲಿ ಒರೆಸಿದರೆ ಸಾಕಾಯಿತು. ಹೊನ್ನಾವರ ಬಂದಾಗ ಮನೆ ಮುಟ್ಟಿ ಮಿಗುವಷ್ಟು ಚಾರ್ಜ್ ಇತ್ತು. ಮೊದಲಾಗಿದ್ದರೆ ಕುಣಿಯುತ್ತಿದ್ದೆ. ಈಗ ಸಿಟ್ಟು ಬಂತು. ಬೇಗ ಹೋಗಿ ಮಾಡುವುದಾದರೂ ಏನು? ಗಂಡ ಕಡಲಿನಲ್ಲಿ, ಮನೆಗೆ ಬೀಗ.

ಹೀಟರ್ ಹಾಕಿ ಪೂರ್ತಿ ತಿರುಗಿಸಿದೆ. ಶರಾವತಿ ಸೇತುವೆ ದಾಟುವಷ್ಟರಲ್ಲಿ ರವಿಕೆ ಬೆನ್ನಿಗೆ ಅಂಟಿತು. ಇಡಗುಂಜಿಗೆ ತಿರುಗುವ ದಾರಿಯೂ ಹಿಂದಾಯಿತು. ಆರಿಸಲು ಯಾರೂ ಕೈ ಚಾಚಲಿಲ್ಲ.