ದೇವರಿಗೊಂದು ಗುಲಾಬಿ, ಮೂಗಿಗೊಂದು

ಜ್ವರ ಬಿಟ್ಟು ತಿಂಗಳುಗಳಾದರೂ ನನ್ನ ಮೂಗಿಗೆ ವಾಸನೆ ಮರಳಲಿಲ್ಲ. ಊದಿನಕಡ್ಡಿ ಹಚ್ಚಿದರೆ ಹೊಗೆ ಕಾಣುತ್ತಿತ್ತು, ಅಷ್ಟೆ. ಒಂದು ಬೆಳಿಗ್ಗೆ ಹಾಲು ಉಕ್ಕಿ ಒಲೆ ಆರಿ ಗ್ಯಾಸ್ ಸೋರುತ್ತಿದ್ದರೂ ನಾನು ಪಕ್ಕದಲ್ಲೇ ಒಲೆಗೆ ಬೆನ್ನು ಮಾಡಿ ನಿಂತು ಹುರುಳಿಕಾಯಿ ಹೆಚ್ಚುತ್ತಿದ್ದೆ. ಅತ್ತೆಗೆ ಹಜಾರದಲ್ಲೇ ವಾಸನೆ ಬಡಿಯಿತು, ಸದ್ಯ. ಅಂದಿನಿಂದ ಒಲೆ ಅವರ ಕೈಗೆ ಹೋಯಿತು. ಮಂಡಿನೋವು ಇಟ್ಟುಕೊಂಡು ಅಡುಗೆಮನೆಯಲ್ಲಿ ಕುರ್ಚಿ ಹಾಕಿ ಕೂತರು.

"ನನ್ ಮೂಗ್ನ ಇನ್ನೆಷ್ಟು ದಿನ ಎರವಲು ಕೊಡ್ಲಮ್ಮ ನಿಂಗೆ?" ಎನ್ನುತ್ತಿದ್ದರು. ನಗುತ್ತಲೇ ಅನ್ನುತ್ತಿದ್ದರು, ಆದರೂ ನನಗೆ ಚುಚ್ಚುತ್ತಿತ್ತು.

ತಮಿಳುನಾಡಿನಲ್ಲಿರುವ ನಮ್ಮ ಜಿಲ್ಲಾಕೇಂದ್ರ ಕೃಷ್ಣಗಿರಿಯ ಆಸ್ಪತ್ರೆಯೊಂದರಲ್ಲಿ ಕಿವಿ, ಮೂಗು, ಗಂಟಲಿನ ಡಾಕ್ಟರಮ್ಮ ಒಬ್ಬರು ನನ್ನಂಥವರನ್ನು ಸೇರಿಸಿಕೊಂಡು ಸಂಶೋಧನೆ ಮಾಡುತ್ತಿದ್ದರು; ನಾನೂ ಸೇರಿಕೊಂಡೆ. ಬೆಳಿಗ್ಗೆ ಸಂಜೆ ಲವಂಗ, ನಿಂಬೆಸಿಪ್ಪೆ, ಕಾಫಿಪುಡಿ, ಗುಲಾಬಿ ಇವನ್ನು ಒಂದೊಂದಾಗಿ ಮೂಸಬೇಕು; ಮೂಸುವಾಗ ಅದರ ವಾಸನೆ ಹೇಗಿತ್ತೆಂದು ನೆನೆಯಬೇಕು. ಮನೆಯ ಪದಾರ್ಥಗಳಿಂದಲೇ ಮೂಗು ಮತ್ತೆ ಪಳಗುತ್ತದೆಯೇ ಎಂದು ಅವರು ನೋಡುತ್ತಿದ್ದರು.

ಕೆಲಮಂಗಲದ ನಮ್ಮ ಹಿತ್ತಲಲ್ಲಿರುವುದು ಒಂದೇ ಗುಲಾಬಿ ಗಿಡ. ಅರಳಿದ್ದೆಲ್ಲ ದೇವರಿಗೆ. ಮೂಸಿದ ಹೂವನ್ನು ದೇವರಿಗೆ ಏರಿಸುವುದು ನಮ್ಮಲ್ಲಿಲ್ಲ. ಹಾಗಾಗಿ ಮರುದಿನ ಪಟದಿಂದ ತೆಗೆದ ಹೂವನ್ನು ಕಣ್ಣಿಗೊತ್ತಿಕೊಂಡು ಮೂಸುತ್ತಿದ್ದೆ. ಪ್ರಸಾದವೂ ಆಯಿತು, ಔಷಧಿಯೂ ಆಯಿತು ಎಂದುಕೊಂಡಿದ್ದೆ.

ಮತ್ತೆ ತೋರಿಸಲು ಹೋಗುವಷ್ಟರಲ್ಲಿ ಲವಂಗ ಒಂಚೂರು, ಕಾಫಿಪುಡಿ ಒಂಚೂರು ಬರತೊಡಗಿದ್ದವು. ಗುಲಾಬಿ ಮಾತ್ರ ಏನೂ ಇಲ್ಲ. ದೇವರ ಹೂವೇ ನನಗೆ ದಕ್ಕಲಿಲ್ಲವೆಂದು ಬಸ್ಸಿನಲ್ಲಿ ಕಣ್ಣೊರೆಸಿಕೊಂಡೇ ಹೋದೆ. ಡಬ್ಬಿಯಲ್ಲಿ ತಂದಿದ್ದ ಬಾಡಿದ ಹೂವನ್ನು ಡಾಕ್ಟರಮ್ಮ ಮೂಸಿದರು. ಇನ್ನೊಮ್ಮೆ ಮೂಸಿದರು. ಇದರಲ್ಲಿ ನನಗೂ ವಾಸನೆ ಬರುತ್ತಿಲ್ಲವಲ್ಲಮ್ಮ ಎಂದು ತಮಿಳಿನಲ್ಲಿ ಹೇಳಿ ನಕ್ಕುಬಿಟ್ಟರು. ಇನ್ನು ಮುಂದೆ ಎಲ್ಲರಿಗೂ ಅಂದೇ ಕಿತ್ತ ಹೂ ಎಂದು ಬಿಡಿಸಿ ಹೇಳಬೇಕು ಎಂದು ಪಕ್ಕದಲ್ಲಿದ್ದ ನರ್ಸಿಗೂ ಹೇಳಿದರು. ನನ್ನ ಎದೆ ಹಗುರಾಯಿತು. ತಪ್ಪು ಹೂವಿನದು, ಮೂಗಿನದಲ್ಲ.

ಮನೆಗೆ ಬಂದು ಹೇಳಿದರೆ ಅತ್ತೆ ತಲೆ ಚಚ್ಚಿಕೊಂಡರು. "ಎರಡು ಹೂ ಕಿತ್ಕೊಳೋಕೇನಮ್ಮ ಕಷ್ಟ? ದೇವ್ರಿಗೊಂದು, ಮೂಗ್ಗೊಂದು. ಅವ್ನೇನು ಬೇಡ ಅಂತಾನಾ?"

ಹಾಗೇ ಮಾಡಿದೆ. ಮೊನ್ನೆ ಸಂಜೆ ದೀಪ ಹಚ್ಚುತ್ತಿದ್ದೆ. ಅತ್ತೆ ಟೀವಿಯ ಕಡೆ ಕಿವಿಕೊಟ್ಟು ಒಗ್ಗರಣೆ ಹಾಕುತ್ತಿದ್ದರು. ಏನೋ ಒಂದು ಕಮಟು ಮೂಗಿಗೆ ತಾಗಿತು. ಅನುಮಾನಿಸಿದೆ. ಮತ್ತೆ ಬಂತು.

"ಅತ್ತೆ, ಬೆಳ್ಳುಳ್ಳಿ ಸೀದೋಗ್ತಾ ಐತೆ."

ಅವರು ಬಾಣಲೆ ನೋಡಿದರು, ನನ್ನ ನೋಡಿದರು. ಒಲೆ ಆರಿಸಿ, ಗೋಡೆ ಹಿಡಿದುಕೊಂಡು ಎದ್ದರು.

"ಸೀದಿದ್ದೂ ಒಳ್ಳೇದೇ ಆಯ್ತು ಬಿಡು. ತಗಾ ನಿನ್ ಒಲೆ. ನಾನು ಮಂಡಿಗೆ ಎಣ್ಣೆ ಹಚ್ಕೋತೀನಿ."

ಗುಲಾಬಿ ಇನ್ನೂ ಪೂರ್ತಿ ಬಂದಿಲ್ಲ. ಬಂದಷ್ಟಕ್ಕೆ ಕೈಮುಗಿದು, ಕರಕಲು ಬೆಳ್ಳುಳ್ಳಿಯನ್ನು ತೆಗೆದುಹಾಕಿ ನಾನೇ ಮತ್ತೊಂದು ಒಗ್ಗರಣೆ ಕೊಟ್ಟೆ.