ಎಂಟು ಸಾವಿರಕ್ಕೆ ಇಳಿಸಿದ ಮಗ್ಗದ ಸದ್ದು

ದೊಡ್ಡಪ್ಪನ ಬೆರಳುಗಳನ್ನು ಮೊಬೈಲ್ ಗುರುತಿಸುತ್ತಿರಲಿಲ್ಲ. ಬೆಳಗಾವಿಯ ನೇಕಾರರ ಬಡಾವಣೆ ವಡಗಾವಿಯಲ್ಲಿ ಜೀವನವಿಡೀ ಮಗ್ಗ ರಿಪೇರಿ ಮಾಡಿ ತುದಿಗಳು ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿದ್ದವು. ಅವರ ಮಾತು ಕೇಳುತ್ತಿದ್ದದ್ದು ಒಂದೇ ಯಂತ್ರ: ನೂಲಿನ ದಲ್ಲಾಳಿಯೊಬ್ಬರು ಎಂದೋ ಬಿಟ್ಟುಕೊಟ್ಟ, ಅಂಗೈ ಅಗಲದ ಹಳೆಯ ಕಂಪ್ಯೂಟರ್. ಅದರ ಪರದೆಗೆ ಬೇಕಾದದ್ದು ಒತ್ತಡ ಮಾತ್ರ. ಜೊತೆಗಿದ್ದ ಕಡ್ಡಿ ಕಳೆದ ಮೇಲೆ ಅವರು ಉಗುರಿನಿಂದಲೇ ಒತ್ತುತ್ತಿದ್ದರು.

ಮೊಣಕಾಲು ಕೆಟ್ಟು ಅವರು ಖಾನಾಪುರದ ಮಗಳ ಮನೆ ಸೇರಿದರೂ ಮಗ್ಗದವರು ಅವರನ್ನು ಬಿಡಲಿಲ್ಲ. ಮಗ್ಗ ಕೆಡುವ ಮೊದಲು ಅದರ ಸದ್ದು ಕೆಡುತ್ತದೆ, ಅದನ್ನು ಹಿಡಿಯುವ ಕಿವಿ ತಾವೆಲ್ಲ ಕಾಕಾ ಎಂದು ಕರೆಯುವ ದೊಡ್ಡಪ್ಪ ಒಬ್ಬರದೇ ಎಂಬುದು ಓಣಿಯ ನಂಬಿಕೆ. ಫೋನ್ ಹಚ್ಚಿ ಕೇಳಿಸಿ ನೋಡಿದ್ದರು. “ಫೋನಿನ್ಯಾಗ ಎಲ್ಲಾ ಮಗ್ಗಕ್ಕೂ ನೆಗಡಿ ಬಂದಿರತೈತಿ” ಎಂದು ದೊಡ್ಡಪ್ಪ ಒಪ್ಪಲಿಲ್ಲ. ಕೊನೆಗೆ ಆ ಕೆಲಸ ನನ್ನ ಪಾಲಿಗೆ ಬಂತು. ಮಗ್ಗದವರು ಮೊಬೈಲಿನಲ್ಲಿ ಸದ್ದು ಹಿಡಿದು ನನಗೆ ಕಳಿಸುವುದು. ಬೆಳಗಾವಿಯ ನನ್ನ ಕೋಣೆಯಲ್ಲಿ ನಾನು ಅದನ್ನು ಆ ಹಳೆಯ ಯಂತ್ರ ಓದಬಲ್ಲ ರೂಪಕ್ಕೆ ಇಳಿಸಿ ಸಣ್ಣ ಕಾರ್ಡಿಗೆ ಹಾಕುವುದು. ಭಾನುವಾರ ಖಾನಾಪುರಕ್ಕೆ ಒಯ್ಯುವುದು. ದೊಡ್ಡಪ್ಪ ಕಿವಿಗೆ ವೈರು ಸಿಕ್ಕಿಸಿಕೊಂಡು, ಉಗುರಿನಿಂದ ಹಿಂದೆ ಮುಂದೆ ಮಾಡಿ ಕೇಳಿ, ಯಾವ ಭಾಗ ಬದಲಿಸಬೇಕೆಂದು ಹೇಳುತ್ತಿದ್ದರು. ಇಲ್ಲವೇ “ನಡೀಲಿ” ಎನ್ನುತ್ತಿದ್ದರು. ನಾನು ಅದನ್ನು ಓಣಿಗೆ ತಿಳಿಸುತ್ತಿದ್ದೆ.

ಆ ವಾರ ಮದುವೆ ಸೀರೆಗಳ ಹಂಗಾಮು. ಎಲ್ಲರೂ ಸದ್ದು ಕಳಿಸಿದ್ದರು. ಹಿಂದಿನ ಓಣಿಯ ಹೆಂಗಸೊಬ್ಬಳು, ನನ್ನ ಓರಗೆಯವಳು, ತನ್ನ ಮಗ್ಗದ ಸದ್ದಿನ ಕೆಳಗೆ ಮಾತನ್ನೂ ಸೇರಿಸಿದ್ದಳು: “ಅಕ್ಕಾರ, ನಮ್ಮ ಮಗ್ಗ ಹಲ್ಲು ಕಡ್ಯಾಕತ್ತೈತಿ. ಹಸಿವಾಗೈತೋ ಸಿಟ್ಟು ಬಂದೈತೋ, ಕಾಕಾಗ ಕೇಳ್ರಿ.”

ಕಾರ್ಡಿನಲ್ಲಿ ಜಾಗ ಸಾಲಲಿಲ್ಲ. ಸದ್ದನ್ನು ಇಳಿಸುವಾಗ, ಸೆಕೆಂಡಿಗೆ ಎಷ್ಟು ಸಲ ಅದರ ಮಾದರಿ ತೆಗೆಯಬೇಕೆಂದು ಒಂದು ಸಂಖ್ಯೆ ಕೊಡಬೇಕು. ಸಂಖ್ಯೆ ಸಣ್ಣದಾದಷ್ಟು ಕಡತ ಹಗುರ, ಆದರೆ ತೆಳುವಾದ, ಚೂಪಾದ ಸದ್ದುಗಳು ಉದುರಿಹೋಗುತ್ತವೆ. ನಾನು ಯಾವಾಗಲೂ ಇಪ್ಪತ್ತೆರಡು ಸಾವಿರಕ್ಕೆ ಇಳಿಸುತ್ತಿದ್ದೆ. ಆ ದಿನವೂ ಹಾಗೆಯೇ ಮಾಡಿದೆನೆಂದು ನಾನು ಆಣೆ ಮಾಡಿ ಹೇಳುತ್ತಿದ್ದೆ. ಲ್ಯಾಪ್‌ಟಾಪು ಬೇರೆ ಹೇಳುತ್ತದೆ. ಆ ದಿನದ ಎಲ್ಲ ಕಡತಗಳೂ ಎಂಟು ಸಾವಿರದವು.

ಭಾನುವಾರ ದೊಡ್ಡಪ್ಪ ಒಂದೊಂದನ್ನೂ ಕೇಳಿ ಎಲ್ಲಕ್ಕೂ “ನಡೀಲಿ” ಎಂದರು. ಆ ಹೆಂಗಸಿನ ಮಗ್ಗ ಬಂದಾಗ “ಇದು ಭಾಳ ಸುಮ್ಮನೈತಲ್ಲ” ಎಂದು ಹುಬ್ಬೇರಿಸಿದಂತೆ ನನಗೆ ನೆನಪು. ನನ್ನ ದಿನಚರಿಯಲ್ಲಿ ಅಂಥದ್ದೇನೂ ಇಲ್ಲ. “ಎಲ್ಲ ಸರಿ. ಚಹಾ. ಬಸ್ಸು ತಡ” ಎಂದಷ್ಟೇ ಇದೆ. ಆಮೇಲೆ ನಡೆದದ್ದಕ್ಕೆ ಹೊಂದುವಂತೆ ಆ ಮಾತನ್ನು ನಾನೇ ಅವರ ಬಾಯಿಗೆ ಹಾಕಿರಬಹುದು.

ಬುಧವಾರ ಮಧ್ಯಾಹ್ನ ಆ ಮಗ್ಗದಲ್ಲಿ ಲಾಳಿಯನ್ನು ಹೊಡೆಯುವ ಕೋಲಿನ ಬೋಲ್ಟು ತುಂಡಾಯಿತು. ಲಾಳಿ ದಾರಿ ಬಿಟ್ಟು ಹಾರಿ ಅವಳ ಎಡಗಣ್ಣಿಗೆ ಬಡಿಯಿತು. ನಾನು ಅವಳ ಮನೆಗೆ ಹೋದಾಗ ಪಟ್ಟಿ ಕಟ್ಟಿಕೊಂಡು ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣು ಉಳಿದಿದೆಯೋ ಇಲ್ಲವೋ ಪಟ್ಟಿ ಬಿಚ್ಚಿದ ಮೇಲೆಯೇ ಗೊತ್ತಾಗುವುದಂತೆ. ಸಿಟ್ಟಿಲ್ಲದೆ, ನಿಜವಾಗಿಯೂ ಅರ್ಥವಾಗದವಳಂತೆ ಕೇಳಿದಳು: “ಕಾಕಾ ನಡೀಲಿ ಅಂದಿದ್ರಲ್ರಿ?”

ಮನೆಗೆ ಬಂದು ಅವಳು ಕಳಿಸಿದ ಮೂಲ ಸದ್ದನ್ನು ಕೇಳಿದೆ. ಮಗ್ಗದ ಬಡಿತದ ನಡುವೆ ಸ್ಟೀಲ್ ಪಾತ್ರೆಗೆ ಬಳೆ ತಾಗಿದಂಥ ಒಂದು ತೆಳು ಕಿಣಿ. ಪ್ರತಿ ಹೊಡೆತಕ್ಕೂ ಒಂದು. ನಾನು ಇಳಿಸಿದ್ದರಲ್ಲಿ ಅದು ಇರಲಿಲ್ಲ. ಬಿರುಕು ಬಿಟ್ಟ ಬೋಲ್ಟಿನ ಸದ್ದನ್ನು ಒರೆಸಿ ತೆಗೆದು, ಉಳಿದದ್ದನ್ನು ಪರೀಕ್ಷೆಗೆಂದು ಒಯ್ದಿದ್ದೆ.

ಮುಂದಿನ ಭಾನುವಾರ ಕಾರ್ಡಿನಲ್ಲಿ ಎರಡೇ ಕಡತ: ಅವಳ ಮಗ್ಗದ ಹೋದ ವಾರದ್ದು, ಮತ್ತು ಅದೇ ಸದ್ದು, ಆ ಯಂತ್ರ ತಾಳುವಷ್ಟು ದೊಡ್ಡ ಸಂಖ್ಯೆಯಲ್ಲಿ. ತಪ್ಪೊಪ್ಪಿಕೊಂಡರೆ ದೊಡ್ಡಪ್ಪನ ಭಾರವಾದರೂ ಇಳಿದೀತು ಎಂದುಕೊಂಡಿದ್ದೆ. ಸುದ್ದಿ ಕೇಳಿದಾಗಿನಿಂದ ಅವರು ಸರಿಯಾಗಿ ಉಂಡಿಲ್ಲವೆಂದು ಅವರ ಮಗಳು ಬಾಗಿಲಲ್ಲೇ ಹೇಳಿದಳು.

“ಆ ಹುಡಿಗಿ ಕಣ್ಣು?” ಎಂದರು ದೊಡ್ಡಪ್ಪ.

“ಇನ್ನೂ ಗೊತ್ತಿಲ್ಲ. ದೊಡ್ಡಪ್ಪ, ತಪ್ಪು ನಂದು. ಆ ಸದ್ದು ನಿಮ್ಮ ತನಕಾ ಬರಲೇ ಇಲ್ಲ.”

“ಸಮಾಧಾನ ಹೇಳಾಕ ಬಂದಿ ಏನು? ಬಿಡು.”

“ಖರೇನ ಹೇಳಾಕತ್ತೀನಿ. ಎರಡೂ ತಂದೀನಿ, ಕೇಳ್ರಿ.”

ಮೊದಲು ನಾನೇ ಕೇಳಿ ನೋಡಿದೆ. ಆ ಹಳೆಯ ಯಂತ್ರದಲ್ಲೂ ಕಿಣಿ ಸ್ಪಷ್ಟವಾಗಿತ್ತು. ವೈರು ಅವರಿಗೆ ಕೊಟ್ಟೆ. ಉಗುರಿನಿಂದ ಹಿಂದೆ ಒಯ್ದರು, ಮತ್ತೆ ಕೇಳಿದರು, ಆ ಕಡತ, ಈ ಕಡತ. ನನ್ನ ಮುಖ ನೋಡಿದರು.

“ಎರಡೂ ಒಂದಽ ಅದಾವಲ್ಲ.”

ವೈರಿನ ಒಂದು ತುದಿ ಅವರ ಕಿವಿಯಲ್ಲಿ, ಇನ್ನೊಂದು ನನ್ನದರಲ್ಲಿ ಇಟ್ಟು ಮತ್ತೆ ಹಚ್ಚಿದೆ. ಕಿಣಿ, ಕಿಣಿ, ಕಿಣಿ. ತುದಿಗಳನ್ನು ಅದಲುಬದಲು ಮಾಡಿದೆ. ಆಗಲೂ ಅದು ಕೇಳಿಸಿದ್ದು ನನಗೊಬ್ಬಳಿಗೇ.

“ನಿನಗ ಕೇಳಸಾಕತ್ತೈತಿ?”

“ಹೂಂ.”

ಅವರು ಯಂತ್ರವನ್ನು ತೊಡೆಯ ಮೇಲೆ ಬೋರಲಾಗಿ ಇಟ್ಟರು. ನಾನು ಎಂಟು ಸಾವಿರಕ್ಕೆ ಇಳಿಸದಿದ್ದರೂ ಅವಳ ಕಣ್ಣಿಗೆ ಅದೇ ಗತಿಯಾಗುತ್ತಿತ್ತು ಎಂದು ತಿಳಿದಾಗ ನನಗೆ ಒಂದು ಕ್ಷಣ ಹಗುರವೆನಿಸಿತು. ಈ ಸಾಲನ್ನು ಹೊಡೆದುಹಾಕಬೇಕೆಂದು ಎರಡು ಸಲ ಪೆನ್ನು ಎತ್ತಿದ್ದೇನೆ.

“ಯಾವಾಗಿಂದ ಹಿಂಗಾಗೈತೋ ನನಗ ಗೊತ್ತಿಲ್ಲ, ತಂಗಿ,” ಎಂದರು ದೊಡ್ಡಪ್ಪ. ಕಿವಿಯ ವೈರು ಕಿತ್ತು, “ಉಳಿದ ಮಗ್ಗಾ? ನಾ ನಡೀಲಿ ಅಂದಾವು?”

ನಾನು ಫೋನ್ ಹಿಡಿದು ಅಂಗಳಕ್ಕೆ ಓಡಿದೆ. ಹಂಗಾಮಿನಲ್ಲಿ ಭಾನುವಾರವೂ ಮಗ್ಗ ನಿಲ್ಲುವುದಿಲ್ಲ. ಮೊದಲ ಮನೆಯಲ್ಲಿ ಯಾರೂ ಎತ್ತಲಿಲ್ಲ. ಎರಡನೆಯದರಲ್ಲಿ ಎತ್ತಿದರು. ಆ ಕಡೆಯಿಂದ ಬಂದದ್ದು ಬರೀ ಮಗ್ಗದ ಬಡಿತ. ಅದರೊಳಗೆ ಒಂದು ಗಂಡು ದನಿ ಕೂಗುತ್ತಿತ್ತು:

“ಏನಂದ್ರಿ ಅಕ್ಕಾರ? ಬಂದ್ ಮಾಡೂದಾ? ಕಾಕಾ ನಡೀಲಿ ಅಂದಾರಲ್ರಿ! ಹಲೋ? ಏನೂ ಕೇಳಸವಲ್ದು!”