ಕತ್ತಿ ಹಿಡಿದ ನ್ಯಾಯಾಧೀಶ

ಬಸ್ ನಿಲ್ದಾಣದೆದುರಿನ ಕ್ಷೌರದಂಗಡಿಯ ಯಜಮಾನನಿಗೆ ಪತ್ರಿಕೆಯ ಕ್ರೀಡಾಪುಟ ಓದದೆ ಕತ್ತಿಗೆ ಹರಿತವೇ ಬರುವುದಿಲ್ಲ. ಆಟಗಾರನೊಬ್ಬ ಸ್ಟೀರಾಯ್ಡ್ ತೆಗೆದುಕೊಂಡು ಸಿಕ್ಕಿಬಿದ್ದ ಸುದ್ದಿ ಬಂದ ದಿನವಂತೂ ಗಿರಾಕಿಗಳು ಉಸಿರು ಬಿಗಿಹಿಡಿದೇ ಕೂರಬೇಕು. ನೊರೆ ಹಚ್ಚಿದ ಗಂಟಲ ಮೇಲೆ ಕತ್ತಿ ನಿಲ್ಲಿಸಿ, ‘ಇಂಥೋರನ್ನ ಏನ್ ಮಾಡ್ಬೇಕು, ನೀವೇ ಹೇಳಿ ಸಾರ್!’ ಎಂದು ಗುಡುಗುತ್ತಾನೆ. ಕತ್ತಿ ಅಲ್ಲಿರುವಾಗ ಎದುರಾಡುವ ಎದೆಗಾರಿಕೆ ಯಾರಿಗಿದೆ? ಗಿರಾಕಿ ತುಟಿಯಲುಗಿಸದೆ ‘ಜೈಲಿಗೆ ಹಾಕ್ಬೇಕು’ ಎಂದರೂ ಇವನಿಗೆ ಸಾಲದು. ‘ಅವನಪ್ಪನ್ನೂ ಹಾಕ್ಬೇಕು ಸಾರ್, ಮನೇಲಿ ಗೊತ್ತಿಲ್ದೆ ಇರುತ್ತಾ?’ ಎಂದು ಶಿಕ್ಷೆ ಹೆಚ್ಚಿಸಿದ ಮೇಲೆಯೇ ಕತ್ತಿ ಮುಂದೆ ಸರಿಯುತ್ತದೆ. ಇಷ್ಟು ಅಬ್ಬರದ ಮನುಷ್ಯನ ದನಿ ಬೆಳಗಿನ ಹೊತ್ತು ಮಾತ್ರ ಮೇಲೇಳುವುದಿಲ್ಲ. ಗಿರಾಕಿಗಳು ಬರುವ ಮುಂಚೆ, ಷಟರನ್ನು ಅರ್ಧ ಇಳಿಸಿಟ್ಟು, ಓಟಗಾರ್ತಿ ಮಗಳನ್ನು ಅದೇ ಕುರ್ಚಿಯಲ್ಲಿ ಕೂರಿಸುತ್ತಾನೆ. ಕೋಚ್ ಇಂಜೆಕ್ಷನ್ ಚುಚ್ಚಿಸತೊಡಗಿದ ಮೇಲೆ ಅವಳ ಗದ್ದದಲ್ಲಿ ಒರಟಾಗಿ ಬೆಳೆಯುತ್ತಿರುವ ಕೂದಲಿಗೆ ಮೆಲ್ಲನೆ ನೊರೆ ಹಚ್ಚುತ್ತಾನೆ. ‘ಅಪ್ಪಾ, ಇಂಜೆಕ್ಷನ್ ನಿಲ್ಲಿಸ್ಬಿಡ್ಲಾ?’ ಎಂದು ಅವಳು ಒಡೆದ ದನಿಯಲ್ಲಿ ಕೇಳಿದರೆ, ‘ಮಾತಾಡ್ಬೇಡಮ್ಮ, ಕತ್ತಿ ತಾಗುತ್ತೆ’ ಎನ್ನುತ್ತಾನೆ.